ಹಿತ್ತಲಲ್ಲಿ ತಾನೇ ಹುಟ್ಟಿದ ಸಸಿ

ಕೊಯಮತ್ತೂರು, ತಿರುಪ್ಪೂರು ಕಡೆ ಹಿಂಗಾರು ಮಳೆ ಎರಡು ದಿನ ಹಿಡಿದು ಸುರಿದರೆ ಸಾಕು, ನಾವು ಬಿತ್ತದ ಸಸಿಗಳು ಹಿತ್ತಲ ತುಂಬ ಏಳುತ್ತವೆ. ಕೆಲವು ಗೊಬ್ಬರದ ಜೊತೆ ಬಂದವು, ಕೆಲವು ಅಡಿಗೆಮನೆಯ ಕಸದಿಂದ ಬಿದ್ದವು, ಇನ್ನು ಕೆಲವು ಕಾಗೆ ತಿಂದು ಹಾಕಿದ ಬೇವಿನ ಬೀಜದವು. ಇದು ಯಾವ ಗಿಡ ಎಂದು ಮನೆಯವರು ಕೇಳುವಷ್ಟರಲ್ಲಿ ಕೆಲಸದ ಆಳು ಕಿತ್ತು ಎಸೆದಿರುತ್ತಾನೆ.

ಕಾರಣವಿಲ್ಲದೆ ಗಿಡ ಬಳ್ಳಿಗಳನ್ನು ಕೀಳುವುದು ಅನರ್ಥದಂಡವೆಂದು ಶ್ರಾವಕರಾದ ನಾವು ಬಲ್ಲೆವು. ಹೆಸರು ತಿಳಿಯದೆ ಕಿತ್ತರೆ ಕಾರಣವಿತ್ತೋ ಇಲ್ಲವೋ ಹೇಳುವುದು ಹೇಗೆ? ಆದ್ದರಿಂದ ಸ್ವಲ್ಪ ಕಾಯಬೇಕು. ಮೊದಲು ಕಾಣುವ ಜೋಡಿ ಎಲೆ ಬೀಜದ ಬೇಳೆಗಳಷ್ಟೆ. ಅದರಿಂದ ಗುರುತು ಹಿಡಿಯುವುದು ಕಷ್ಟ. ಆಮೇಲೆ ನಾಲ್ಕೈದು ಎಲೆ ಬಂದಾಗ ಗಿಡ ತನ್ನ ಜಾತಿ ತೋರಿಸುತ್ತದೆ. ಬೇವಿನ ಎಲೆಯ ಅಂಚು ಗರಗಸದಂತೆ, ಪಾರ್ಥೇನಿಯಂ ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳು ಸೀಳು. 1955ರಲ್ಲಿ ಪುಣೆಯಲ್ಲಿ ಕಂಡ ಈ ಕಳೆ ಈಗ ದೇಶದ ತುಂಬ ಇದೆ. ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆ ಏಳುತ್ತದೆ. ಇದನ್ನು ತೆಗೆಯಲು ಕಾರಣವುಂಟು. ಉಮ್ಮತ್ತಿಯೂ ಬದನೆಯೂ ಒಂದೇ ಕುಟುಂಬದವು, ಎಳೆಯದರಲ್ಲಿ ಮೋಸಹೋಗುವುದು ಸುಲಭ. ಮುಳ್ಳುಕಾಯಿ ಬಿಟ್ಟಮೇಲೆ ಉಮ್ಮತ್ತಿಯ ಬಗ್ಗೆ ಸಂಶಯ ಉಳಿಯದು.

ನಮ್ಮ ಭಾಗದಲ್ಲಿ ವಿಶೇಷವಾಗಿ ತಿಳಿದಿರಬೇಕಾದದ್ದು ಗೌರಿ ಹೂವಿನ ಬಳ್ಳಿ. ತಮಿಳಿನಲ್ಲಿ ಸೆಂಗಾಂದಳ್, ತಮಿಳುನಾಡಿನ ರಾಜ್ಯ ಹೂ. ಇದರ ಗೆಡ್ಡೆಯನ್ನು ರೈತರು ಕಣ್ವಲಿಕ್ಕಿಳಂಗು ಎನ್ನುತ್ತಾರೆ. ಗೆಡ್ಡೆ ನೇಗಿಲಿನ ಆಕಾರದ್ದಾದ್ದರಿಂದ ಸಂಸ್ಕೃತದಲ್ಲಿ ಲಾಂಗಲಿ. ಧಾರಾಪುರ, ಮೂಲನೂರು ಸುತ್ತ ಹೊಲಗಳಲ್ಲಿ ಕಂಬ ನೆಟ್ಟು ಬೆಳೆಸಿ, ಬೀಜವನ್ನು ಪರದೇಶಕ್ಕೆ ಕಳಿಸುತ್ತಾರೆ. ಅದರಿಂದ ತೆಗೆಯುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಔಷಧ. ಒಳ್ಳೆಯ ವ್ಯಾಪಾರವೇ. ಆದರೆ ಆ ಔಷಧವೇ ಪ್ರಮಾಣ ಮೀರಿದರೆ ವಿಷ. ಬೀಜ, ಗೆಡ್ಡೆ ಎರಡೂ ಪ್ರಾಣಾಪಾಯ ತರುವಂಥವು. ಮಳೆ ಬಿದ್ದಾಗ ಮಣ್ಣಿನಲ್ಲಿ ಮಲಗಿದ್ದ ಗೆಡ್ಡೆಯಿಂದ ಬಳ್ಳಿ ಏಳುತ್ತದೆ. ಒಂದೆರಡು ಗೇಣು ಬೆಳೆದ ಮೇಲೆ ಎಲೆಯ ತುದಿ ಸಣ್ಣ ತಂತಿಯಂತೆ ಸುರುಳಿಯಾಗಿ ಆಸರೆ ಹಿಡಿಯುವುದನ್ನು ನೋಡಿರಿ, ಅದೇ ಗುರುತು. ಕಾಯಿ ಒಡೆದರೆ ಒಳಗೆ ಕೆಂಪು ಬೀಜ, ಮಕ್ಕಳ ಕಣ್ಣಿಗೆ ಬೀಳುವಂಥದ್ದು. ಗೆಡ್ಡೆ ತಿನ್ನದ ನಮ್ಮ ಮನೆಗಳಲ್ಲೂ ಬೀಜದ ಭಯ ಇದ್ದೇ ಇದೆ.

ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಅಜ್ಞಾತಫಲವನ್ನೂ ಹಿರಿಯರು ಸೇರಿಸಿದ್ದಾರೆ. ಕಳ್ಳರ ನಾಯಕನಾಗಿದ್ದ ವಂಕಚೂಲನ ಕಥೆ ಅನೇಕರಿಗೆ ಗೊತ್ತು. ಹೆಸರು ತಿಳಿಯದ ಹಣ್ಣು ತಿನ್ನೆನೆಂದು ಮುನಿಗಳಲ್ಲಿ ನಿಯಮ ಪಡೆದಿದ್ದ. ಕಾಡಿನಲ್ಲಿ ಹಸಿದಾಗ ಸಂಗಡಿಗರು ಸುಂದರವಾದ ಕಿಂಪಾಕ ಫಲ ತಿಂದು ಸತ್ತರು, ಹೆಸರು ಕೇಳಿ ಸುಮ್ಮನಿದ್ದ ಇವನು ಉಳಿದ. ಮಕ್ಕಳಿಗೆ ಈ ಕಥೆ ಹೇಳುವಾಗ ಹಿತ್ತಲಿಗೆ ಕರೆದೊಯ್ದು ಬಳ್ಳಿಯನ್ನೂ ತೋರಿಸಬೇಕು.

ಮೊಬೈಲಿನಲ್ಲಿ ಫೋಟೋ ತೆಗೆದರೆ ಹೆಸರು ಹೇಳುವ ಸೌಲಭ್ಯ ಈಗ ಇದೆ. ಎಳೆ ಸಸಿಯ ವಿಷಯದಲ್ಲಿ ಅದನ್ನೇ ನಂಬಿ ಏನನ್ನೂ ಬಾಯಿಗೆ ಹಾಕಬಾರದು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣದ ದಕ್ಷಿಣ ಕೇಂದ್ರವಿದೆ, ಒಣಗಿಸಿಟ್ಟ ಸಸ್ಯಗಳ ಹಳೆಯ ದೊಡ್ಡ ಸಂಗ್ರಹವೂ ಅಲ್ಲಿದೆ. ಬಲ್ಲವರನ್ನು ಕೇಳುವುದಾದರೆ ಹೂವೋ ಕಾಯಿಯೋ ಇರುವ ಕೊಂಬೆ ಒಯ್ಯಿರಿ, ಬರೀ ಎಲೆ ಸಾಲದು.

ಮಗು ಏನಾದರೂ ತಿಂದಿತೆಂದು ಸಂಶಯ ಬಂದರೆ ವಾಂತಿಯಾಗಲೆಂದು ಕಾಯಬೇಡಿ; ಗೌರಿ ಹೂವಿನ ವಿಷ ಕೆಲವು ಗಂಟೆ ಸುಮ್ಮನಿದ್ದು ಆಮೇಲೆ ಏರುತ್ತದೆ. ಕೂಡಲೇ ಆಸ್ಪತ್ರೆಗೆ ಹೊರಡಿ. ತಿಂದ ಗಿಡದ ಎಲೆ, ಬೀಜ ಸಿಕ್ಕಷ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರ ಕೈಗೆ ಕೊಡಿ.