ಗೇಣುದ್ದದ ಕಾರು, ಕಾಲು ಮೈಲಿಯ ಓಟ

ಆಟಿಕೆ ಎಂದೊಡನೆ ಅದು ಮಕ್ಕಳ ಕಾಲಹರಣದ ವಸ್ತುವೆಂದು ಬದಿಗಿರಿಸುವುದು ಹಿರಿಯರಾದ ನಮ್ಮ ರೂಢಿ. ಆದರೆ ಕೊಂಡ ಮಾತ್ರಕ್ಕೆ ಆಡಲು ಬಾರದ ಆಟಿಕೆಗಳೂ ಕೆಲವುಂಟು; ಅವನ್ನು ಮೊದಲು ಕಟ್ಟಬೇಕು. ಪರದೇಶದಲ್ಲಿ ನೆಲೆಸಿರುವ ಬಂಧುಗಳು ರಜೆಗೆ ಊರಿಗೆ ಬರುವಾಗ ಮಕ್ಕಳಿಗೆಂದು ತರುವ ಉಡುಗೊರೆಗಳಲ್ಲಿ ಇಂತಹ ಪೆಟ್ಟಿಗೆಗಳೂ ಇರುವುದುಂಟು. ಮುಚ್ಚಳದ ಮೇಲೆ ಬೆಂಕಿಯುಗುಳುತ್ತ ಮುನ್ನುಗ್ಗುವ ಕಾರಿನ ಚಿತ್ರ. ಒಳಗೆ ನೋಡಿದರೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಕಾಯಿಗಳಂತೆ ಅಂಟಿಕೊಂಡ ಹತ್ತಾರು ಚೂರುಗಳು, ಎರಡು ಜೊತೆ ಟೈರುಗಳು, ಮಡಿಸಿದ ಒಂದು ಸೂಚನಾ ಹಾಳೆ. ಅರ್ಧ ಜೋಡಿಸಿ ಕೈಬಿಟ್ಟ ಇಂತಹ ಪೆಟ್ಟಿಗೆಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಬಿದ್ದಿರುತ್ತವೆ. ಅಂತಹುದೊಂದು ಪೆಟ್ಟಿಗೆಯನ್ನು ಕೆಳಗಿಳಿಸಿ ಧೂಳು ಕೊಡವಲು ವಾಚಕರಿಗೆ ಮನಸ್ಸಾದೀತೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಇಲ್ಲಿ ಹೇಳಹೊರಟಿರುವುದು ಅಮೆರಿಕದ ‘ಡ್ರ್ಯಾಗ್‌ಸ್ಟರ್’ ಎಂಬ ಓಟದ ಕಾರಿನ ಮಾದರಿಯನ್ನು ಕುರಿತು. ಡ್ರ್ಯಾಗ್ ಓಟವೆಂದರೆ ಸುತ್ತು ಹಾಕುವ ಪಂದ್ಯವಲ್ಲ. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತು, ದೀಪದ ಸನ್ನೆಯಾದೊಡನೆ ನೇರವಾದ ಪಥದಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಓಡುತ್ತವೆ. ಮೊದಲು ಗುರಿ ಮುಟ್ಟಿದ್ದು ಗೆದ್ದಿತು. ಕ್ಯಾಲಿಫೋರ್ನಿಯಾದ ಸಾಂತಾ ಆನಾ ಎಂಬಲ್ಲಿ 1950ರಲ್ಲಿ ವಿಮಾನ ನಿಲ್ದಾಣದ ಓಡುದಾರಿಯ ಮೇಲೆಯೇ ಇಂತಹ ಪಂದ್ಯಗಳು ಕ್ರಮಬದ್ಧವಾಗಿ ಆರಂಭವಾದವು. ಬೀದಿಯಲ್ಲಿ ಕಾರು ಓಡಿಸಿ ಪ್ರಾಣ ಕಳೆದುಕೊಳ್ಳುತ್ತಿದ್ದ ಯುವಕರನ್ನು ನಿಯಮಕ್ಕೊಳಪಟ್ಟ ಪಥಗಳಿಗೆ ಕರೆತರಬೇಕೆಂಬ ಉದ್ದೇಶದಿಂದ ವಾಲಿ ಪಾರ್ಕ್ಸ್ ಅವರು 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸಂಸ್ಥೆಯನ್ನು ಕಟ್ಟಿದರು. ಅತಿ ವೇಗದ ವರ್ಗಗಳ ಕಾರುಗಳಿಗೆ 2008ರಿಂದ ಓಟದ ದೂರವನ್ನು 1,000 ಅಡಿಗೆ ಇಳಿಸಲಾಗಿದೆ. ಆ ವರ್ಷ ಸ್ಕಾಟ್ ಕಲಿಟಾ ಎಂಬ ಚಾಲಕ ಅಪಘಾತದಲ್ಲಿ ಮಡಿದುದೇ ಇದಕ್ಕೆ ಕಾರಣ.

ಈ ಕಾರುಗಳ ಪ್ಲಾಸ್ಟಿಕ್ ಮಾದರಿಗಳನ್ನು ರೆವೆಲ್, ಮಾನೋಗ್ರಾಮ್, ಎಎಂಟಿ, ಎಂಪಿಸಿ ಮೊದಲಾದ ಅಮೆರಿಕದ ಸಂಸ್ಥೆಗಳು ದಶಕಗಳಿಂದ ಹೊರತಂದಿವೆ. ಬಹುಪಾಲು 1:25 ಪ್ರಮಾಣದವು. ನಿಜವಾದ ಕಾರಿನ 25 ಅಂಗುಲ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. 1960ರ ದಶಕದ ಕೊನೆಯ ಹೊತ್ತಿಗೆ ಡ್ರ್ಯಾಗ್‌ಸ್ಟರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರವೇ ಐದು ಮೀಟರನ್ನು ಮೀರಿತ್ತಾದ್ದರಿಂದ ಅದರ ಮಾದರಿಯು ಸುಮಾರಾಗಿ ಒಂದು ಗೇಣುದ್ದಕ್ಕೆ ಬರುತ್ತದೆ. ಅಗಲವಾದರೋ ನಾಲ್ಕು ಬೆರಳು. ಈ ವಿಚಿತ್ರ ಆಕಾರವೇ ಜೋಡಿಸುವವನಿಗೆ ಮೊದಲ ಪರೀಕ್ಷೆ.

ಚೌಕಟ್ಟಿನ ಸತ್ಯ

ಈ ಬಗೆಯ ಪೆಟ್ಟಿಗೆಯ ಗುಣದೋಷಗಳನ್ನು ಅಳೆಯಲು ಹೊರಟವರು ಬಣ್ಣವನ್ನೂ ಹೊಳಪನ್ನೂ ಮೊದಲು ನೋಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಚೌಕಟ್ಟನ್ನು. ನಿಜವಾದ ಕಾರಿನಲ್ಲಿ ಅದು ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ್ದು. ಮಾದರಿಯಲ್ಲಿ ಬೆಂಕಿಕಡ್ಡಿಗಿಂತ ತೆಳುವಾದ ಪ್ಲಾಸ್ಟಿಕ್ ಕಂಬಿಗಳು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದರೆ ಅವು ಬಾಗಿರುತ್ತವೆ. ಎಡ ಬಲ ಭಾಗಗಳನ್ನು ಅಂಟಿಸುವ ಮುನ್ನ ದಪ್ಪನೆಯ ಕಿಟಕಿ ಗಾಜಿನ ತುಂಡೊಂದರ ಮೇಲೆ ಇರಿಸಿ ನೋಡಬೇಕು. ಒಂದು ತುದಿಯನ್ನು ಒತ್ತಿದಾಗ ಇನ್ನೊಂದು ತುದಿ ಮೇಲೆದ್ದರೆ ಬಾಗಿದೆಯೆಂದರ್ಥ. ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು ತಣಿಯಲು ಬಿಟ್ಟರೆ ನೇರವಾಗುತ್ತದೆ. ನೀರು ಕುದಿಯುತ್ತಿರಬಾರದು, ಪಾಲಿಸ್ಟೈರೀನ್ ಎಂಬ ಈ ಪ್ಲಾಸ್ಟಿಕ್ಕು ಆ ಶಾಖದಲ್ಲಿ ಆಕಾರಗೆಡುತ್ತದೆ. ಅಂಟಿಸಿದ ಮೇಲೂ ಒಂದು ರಾತ್ರಿ ಗಾಜಿನ ಮೇಲೆಯೇ ಬಿಡುವುದು ಲೇಸು. ಮಕ್ಕಳಿಗೆ ಈ ಒಂದು ರಾತ್ರಿಯೇ ಅತ್ಯಂತ ಕಷ್ಟದ ಘಟ್ಟ.

ಎರಡನೆಯದು ಅಚ್ಚಿನ ಗೆರೆ. ಕರಗಿದ ಪ್ಲಾಸ್ಟಿಕ್ಕನ್ನು ಎರಡು ಹೋಳುಗಳ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ ಭಾಗಗಳನ್ನು ತಯಾರಿಸುತ್ತಾರೆ. ಹೋಳುಗಳು ಕೂಡುವಲ್ಲಿ ತೆಳುವಾದ ಏಣು ಉಳಿಯುತ್ತದೆ. ಹಳೆಯದಾಗಿ ಸವೆದ ಅಚ್ಚಾದರೆ ಹಪ್ಪಳದಂತಹ ತೆಳು ಅಂಚೂ ಹೊರಚಾಚಿರುತ್ತದೆ. ದುಂಡಗಿನ ಕೊಳವೆಯ ಮೇಲೆ ಉದ್ದಕ್ಕೂ ಏಣಿದ್ದರೆ ಅದು ಕೊಳವೆಯೆಂದು ಯಾರೂ ನಂಬಲಾರರು. ಅದನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ನಯವಾದ ಉಪ್ಪುಕಾಗದದಿಂದ ತಿಕ್ಕಬೇಕು. ಬೇಸರದ ಕೆಲಸವೇ ಸರಿ. ಆದರೂ ಒಳ್ಳೆಯ ಮಾದರಿಗೂ ಸಾಧಾರಣ ಮಾದರಿಗೂ ಇರುವ ಅಂತರದಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಅಂಟಿನ ವಿಷಯದಲ್ಲಿ ತಾಯಂದಿರು ಒಂದು ಮಾತನ್ನು ಗಮನಿಸಬೇಕು. ಮಾದರಿಗಳ ಅಂಟು ಗೋಂದಿನಂತೆ ಮೇಲ್ಮೈಗೆ ಅಂಟುವುದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಒಂದಾಗಿಸುವ ದ್ರಾವಣ. ಅದರ ಆವಿ ಆರೋಗ್ಯಕ್ಕೆ ಹಿತವಲ್ಲ. ಕಿಟಕಿ ತೆರೆದಿರಬೇಕು, ಸಮೀಪದಲ್ಲಿ ಒಲೆಯಾಗಲಿ ದೀಪವಾಗಲಿ ಉರಿಯುತ್ತಿರಬಾರದು, ಬ್ಲೇಡಿನ ಕೆಲಸಕ್ಕೆ ಹಿರಿಯರು ಜೊತೆಗಿರಬೇಕು.

ಎಂಜಿನ್ನು: ಪುಟ್ಟದಾದರೂ ಪೂರ್ಣ

ಈ ಪೆಟ್ಟಿಗೆಗಳ ನಿಜವಾದ ಸಂಪತ್ತು ಎಂಜಿನ್ನು. ಸಾಮಾನ್ಯ ಕಾರಿನ ಮಾದರಿಯಲ್ಲಿ ಅದು ಮುಚ್ಚಳದಡಿ ಅಡಗಿರುತ್ತದೆ. ಇಲ್ಲಿಯಾದರೋ ಎಲ್ಲವೂ ಬಯಲು. ಬಹುತೇಕ ಮಾದರಿಗಳಲ್ಲಿ ಇರುವುದು ಕ್ರೈಸ್ಲರ್ ಕಂಪನಿಯ ‘ಹೆಮಿ’ ಎಂಜಿನ್ನು. ಇಂಧನ ಉರಿಯುವ ಕೋಣೆ ಅರ್ಧಗೋಳಾಕಾರದಲ್ಲಿರುವುದರಿಂದ ಆ ಹೆಸರು. ಸ್ಪಾರ್ಕ್ ಪ್ಲಗ್ಗುಗಳು ಕವಾಟಗಳ ಮೇಲ್ಮುಚ್ಚಳದ ನಡುವಿನಿಂದಲೇ ಇಳಿಯುತ್ತವೆ. ಒಂದೊಂದು ಮುಚ್ಚಳದಲ್ಲಿ ನಾಲ್ಕು ಕುಳಿಗಳು ಕಾಣುತ್ತವೆಯೇ ಎಂದು ಎಣಿಸಿದರೆ ಅಚ್ಚು ತೆಗೆದವನ ಶ್ರದ್ಧೆ ತಿಳಿಯುತ್ತದೆ. ಎಂಜಿನ್ನಿನ ತಲೆಯ ಮೇಲೆ ಪೆಟ್ಟಿಗೆಯಾಕಾರದ ಸೂಪರ್‌ಚಾರ್ಜರ್ ಕೂರುತ್ತದೆ. ಗಾಳಿಯನ್ನು ಬಲವಂತವಾಗಿ ಒಳನೂಕುವುದು ಅದರ ಕೆಲಸ. ಅದರ ಮೂಲವನ್ನು ಕೇಳಿದರೆ ವಾಚಕರಿಗೆ ನಗು ಬಂದೀತು. ಜನರಲ್ ಮೋಟಾರ್ಸ್ ಕಂಪನಿಯ ಬಸ್ಸು ಲಾರಿಗಳ ‘6-71’ ಡೀಸೆಲ್ ಎಂಜಿನ್ನಿನಿಂದ ಕಳಚಿ ತಂದ ಯಂತ್ರವದು! ಆರು ಸಿಲಿಂಡರು, ಒಂದೊಂದೂ 71 ಘನ ಅಂಗುಲ ಎಂಬುದೇ ಆ ಅಂಕಿಯ ಅರ್ಥ.

ರೇಡಿಯೇಟರ್ ಎಲ್ಲಿ ಎಂದು ಮಕ್ಕಳು ಹುಡುಕುವುದುಂಟು. ಅದು ಕಳೆದುಹೋಗಿಲ್ಲ, ಇಂತಹ ಕಾರಿಗೆ ಅದಿಲ್ಲವೇ ಇಲ್ಲ. ಎಂಜಿನ್ನು ಪೂರ್ಣ ಶಕ್ತಿಯಿಂದ ದುಡಿಯುವುದು ಕೆಲವೇ ಸೆಕೆಂಡು. ಇಂಧನವೂ ಪೆಟ್ರೋಲಲ್ಲ, ನೈಟ್ರೋಮೀಥೇನ್. ತನ್ನಲ್ಲಿಯೇ ಆಮ್ಲಜನಕವನ್ನು ಹೊತ್ತು ತರುವ ದ್ರವ.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರದ ಒಂದು ವಸ್ತುವೆಂದರೆ ಪ್ಲಗ್ಗುಗಳಿಗೆ ಹೋಗುವ ಎಂಟು ತಂತಿಗಳು. ಉತ್ಸಾಹಿಗಳು ಟೆಲಿಫೋನ್ ತಂತಿಯನ್ನು ಬಳಸಿಬಿಡುತ್ತಾರೆ. ಅದು ಒಂದು ಮಿಲಿಮೀಟರ್ ದಪ್ಪವಿದ್ದರೆ ನಿಜವಾದ ಕಾರಿನಲ್ಲಿ 25 ಮಿಲಿಮೀಟರ್ ಆಯಿತು. ತೋಟಕ್ಕೆ ನೀರು ಹಾಯಿಸುವ ಕೊಳವೆಯಂತೆ ಕಾಣುತ್ತದೆ. ಮನೆಯಲ್ಲಿರುವ ಹೊಲಿಗೆ ದಾರಕ್ಕೆ ಬಣ್ಣ ಬಳಿದರೆ ಅಳತೆಗೆ ಸರಿಹೋಗುತ್ತದೆ.

ಬೆಳ್ಳಿಯಂತೆ ಹೊಳೆಯುವ ಕ್ರೋಮ್ ಭಾಗಗಳ ಬಗೆಗೆ ನಮಗೆ ಆಕ್ಷೇಪವಿದೆ. ಅವು ಕನ್ನಡಿಯಂತೆ ಮಿಂಚಿ ಇಡೀ ಕಾರಿಗೆ ಜಾತ್ರೆಯ ಆಟಿಕೆಯ ಕಳೆ ತರುತ್ತವೆ. ಮನೆಯಲ್ಲಿ ಬಟ್ಟೆಗೆ ಬಳಸುವ ದ್ರವರೂಪದ ಬ್ಲೀಚಿನಲ್ಲಿ ನೆನೆಸಿದರೆ ಆ ಲೇಪ ಬಿಟ್ಟುಹೋಗುತ್ತದೆ. ಬಳಿಕ ಮಂದವಾದ ಅಲ್ಯೂಮಿನಿಯಂ ಬಣ್ಣ ಹಚ್ಚಬಹುದು. ಅಂದಿನ ಓಟಗಾರರೂ ಪಂದ್ಯಕ್ಕೆ ಮುನ್ನ ಬ್ಲೀಚನ್ನೇ ನೆಲಕ್ಕೆ ಸುರಿದು, ಹಿಂದಿನ ಟೈರುಗಳನ್ನು ಅದರಲ್ಲಿ ಗಿರ್ರನೆ ತಿರುಗಿಸಿ ಬಿಸಿಮಾಡಿಕೊಳ್ಳುತ್ತಿದ್ದರು.

ಎರಡು ಕಾಲುಗಳ ನಡುವೆ

ಈಗ ಆಸನಕ್ಕೆ ಬರೋಣ. ಹಳೆಯ ಬಗೆಯ ಡ್ರ್ಯಾಗ್‌ಸ್ಟರ್‌ಗೆ ‘ಸ್ಲಿಂಗ್‌ಶಾಟ್’, ಅಂದರೆ ಕವಣೆ, ಎಂದು ಹೆಸರು. ಎಂಜಿನ್ನು ಮುಂದೆ, ಹಿಂದಿನ ಚಕ್ರಗಳಿಗೂ ಹಿಂದೆ ಚಾಲಕ; ಕವಣೆಯಲ್ಲಿಟ್ಟ ಕಲ್ಲಿನಂತೆ ಅವನ ಸ್ಥಿತಿ. ಮಾದರಿಯಲ್ಲಿ ಆಸನವನ್ನು ಕೂರಿಸುವಾಗ ಒಂದು ಸಂಗತಿ ತಾನಾಗಿಯೇ ಅರಿವಿಗೆ ಬರುತ್ತದೆ. ಕ್ಲಚ್ಚು, ಗೇರ್‌ಬಾಕ್ಸು, ಆಕ್ಸಲ್ಲಿನ ಗಿಯರುಗಳು ಎಲ್ಲವೂ ಚಾಲಕನ ಎರಡು ಕಾಲುಗಳ ನಡುವೆಯೇ ಬರುತ್ತವೆ. ಚಿತ್ರದಲ್ಲಿ ಕಾಣದ ಈ ಸತ್ಯ ಚಿಮಟದಲ್ಲಿ ಹಿಡಿದು ಕೂರಿಸುವಾಗ ಕಾಣುತ್ತದೆ.

1970ರ ಮಾರ್ಚ್ 8ರಂದು ಲಾಸ್ ಏಂಜಲೀಸ್ ಬಳಿಯ ಲಾಂಗ್ ಬೀಚಿನ ಲಯನ್ಸ್ ಪಥದಲ್ಲಿ ಡಾನ್ ಗಾರ್ಲಿಟ್ಸ್ ಅವರು ಇಂತಹ ಕಾರಿನಲ್ಲಿ ಕುಳಿತಿದ್ದರು. ಫ್ಲಾರಿಡಾದ ಟ್ಯಾಂಪಾದಲ್ಲಿ 1932ರಲ್ಲಿ ಹುಟ್ಟಿದ ಗಾರ್ಲಿಟ್ಸ್ ತಮ್ಮ ಕಾರುಗಳಿಗೆಲ್ಲ ‘ಸ್ವಾಂಪ್ ರ‍್ಯಾಟ್’, ಅಂದರೆ ಜೌಗಿನ ಇಲಿ, ಎಂದೇ ಹೆಸರಿಟ್ಟು ಸಂಖ್ಯೆ ಕೊಡುತ್ತಿದ್ದರು. ಅಂದಿನದು ಹದಿಮೂರನೆಯದು. ಓಟ ಆರಂಭವಾದೊಡನೆ ಗೇರ್‌ಬಾಕ್ಸ್ ಸ್ಫೋಟಿಸಿ ಕಾರು ಎರಡು ತುಂಡಾಯಿತು. ಅವರ ಬಲಪಾದದ ಮುಂಭಾಗ ಕತ್ತರಿಸಿಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಅವರು ಎಂಜಿನ್ನು ಚಾಲಕನ ಬೆನ್ನ ಹಿಂದಿರುವ ಕಾರಿನ ಯೋಚನೆಯಲ್ಲಿ ತೊಡಗಿದರು.

ಆ ಕಲ್ಪನೆ ಹೊಸದೇನಲ್ಲ. ಅದಕ್ಕೆ ಮುನ್ನ ಹಲವರು ಪ್ರಯತ್ನಿಸಿ ಕೈಬಿಟ್ಟಿದ್ದರು. ಅಂತಹ ಕಾರು ವೇಗದಲ್ಲಿ ಅತ್ತಿತ್ತ ಎಗರಿ ಹತೋಟಿ ತಪ್ಪುತ್ತಿತ್ತು. ಹಿಂದೆ ಕುಳಿತವನಿಗೆ ಹಿಂಚಕ್ರ ಜಾರಿದ ಕೂಡಲೇ ಮೈಗೇ ಗೊತ್ತಾಗುತ್ತದೆ. ಮುಂದೆ ಕುಳಿತವನಿಗೆ ತಡವಾಗಿ ತಿಳಿಯುತ್ತದೆ. ಆಗ ಅವನು ಸ್ಟಿಯರಿಂಗನ್ನು ಬೇಕಾದುದಕ್ಕಿಂತ ಹೆಚ್ಚು ತಿರುಗಿಸುತ್ತಾನೆ. ಗಾರ್ಲಿಟ್ಸ್ ಮತ್ತು ಅವರ ಸಹಾಯಕರು ಕಂಡುಕೊಂಡ ಪರಿಹಾರ ಸರಳವಾದದ್ದು. ಸ್ಟಿಯರಿಂಗನ್ನು ನಿಧಾನಗೊಳಿಸಿದರು. ಚಾಲಕ ಅಷ್ಟೇ ತಿರುಗಿಸಿದರೂ ಮುಂದಿನ ಚಕ್ರಗಳು ಮೊದಲಿಗಿಂತ ಕಡಿಮೆ ತಿರುಗುವಂತಾಯಿತು. ಹದಿನಾಲ್ಕನೆಯ ಕಾರು 1971ರ ಆರಂಭದಲ್ಲಿಯೇ ಪೊಮೋನಾದ ಚಳಿಗಾಲದ ರಾಷ್ಟ್ರೀಯ ಪಂದ್ಯವನ್ನು ಗೆದ್ದಿತು. ಕೆಲವೇ ವರ್ಷಗಳಲ್ಲಿ ಕವಣೆ ಕಾರುಗಳು ಪ್ರಮುಖ ಪಂದ್ಯಗಳಿಂದ ಕಣ್ಮರೆಯಾದವು. ಗಾರ್ಲಿಟ್ಸ್ 1986ರಲ್ಲಿ ಗಂಟೆಗೆ 270 ಮೈಲಿಯ ಗಡಿ ದಾಟಿದ ಮೂವತ್ತನೆಯ ಕಾರು 1987ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆದುದರಿಂದ ಕೊಳ್ಳುವವರಿಗೆ ನಮ್ಮ ಸಲಹೆಯಿಷ್ಟೇ: ಸಾಧ್ಯವಾದರೆ ಮುಂದೆ ಎಂಜಿನ್ನುಳ್ಳದ್ದೊಂದು, ಹಿಂದೆ ಎಂಜಿನ್ನುಳ್ಳದ್ದೊಂದು, ಎರಡನ್ನೂ ಕಟ್ಟಿ ಅಕ್ಕಪಕ್ಕ ಇರಿಸಬೇಕು. ಗಾರ್ಲಿಟ್ಸ್ ಅವರ ಹೆಸರಿನ ಮಾದರಿಗಳನ್ನು ಎಂಪಿಸಿ ಹೊರತಂದಿತ್ತು. ಆ ಹೆಸರು ಈಗ ಅಮೆರಿಕದ ರೌಂಡ್ 2 ಎಂಬ ಸಂಸ್ಥೆಯ ಕೈಯಲ್ಲಿದ್ದು, ಹಳೆಯ ಅಚ್ಚುಗಳ ಪೆಟ್ಟಿಗೆಗಳು ಆಗಾಗ ಮರಳಿ ಬರುತ್ತವೆ. ಮೊದಲ ಬಾರಿಗೆ ಕೈಹಾಕುವ ಚಿಕ್ಕವರಿಗೆ ಮಾತ್ರ ‘ಫನಿ ಕಾರ್’ ಎಂಬ ವರ್ಗದ ಮಾದರಿ ಸುಲಭ. ಅದರ ಇಡೀ ಮೈ ಒಂದೇ ಹೊದಿಕೆಯಾಗಿದ್ದು, ಒಳಗಿನ ಸಣ್ಣಪುಟ್ಟ ಓರೆಕೋರೆಗಳು ಮುಚ್ಚಿಹೋಗುತ್ತವೆ. ಡಾನ್ ಪ್ರುಡೋಮ್ ಅವರಿಗೆ ‘ಹಾವು’ ಎಂಬ ಅಡ್ಡಹೆಸರಿದ್ದುದರಿಂದ ಎದುರಾಳಿ ಟಾಮ್ ಮೆಕ್ಯುವನ್ ‘ಮುಂಗುಸಿ’ಯಾದರು. ಆ ಜೋಡಿ ಕಾರುಗಳ ಪೆಟ್ಟಿಗೆಗಳೂ ಉಂಟು. ನಮ್ಮ ಮಕ್ಕಳಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಹಳೆಯ ಪೆಟ್ಟಿಗೆಯಲ್ಲಿ ನೀರಿಗೆ ಹಾಕಿ ಅಂಟಿಸುವ ಚಿತ್ರಪಟ್ಟಿ ಹಳದಿಯಾಗಿದ್ದರೆ, ಅದನ್ನು ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ ಕೆಲವು ದಿನ ಬಿಸಿಲು ತಾಗಿಸಿದರೆ ಬಣ್ಣ ತಿಳಿಯಾಗುತ್ತದೆ. ಕಟ್ಟಿ ಮುಗಿಸಿದ ಕಾರನ್ನು ಮಾತ್ರ ಬಿಸಿಲಿಗೆ ಇಡಬಾರದು. ಮೆತ್ತನೆಯ ವಿನೈಲ್ ಟೈರಾದರೆ ಅದರಿಂದ ಒಸರುವ ಅಂಶವು ವರ್ಷ ಕಳೆದಂತೆ ಚಕ್ರದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಟೈರು ತೊಡಿಸುವ ಮುನ್ನ ಚಕ್ರದ ಸುತ್ತ ಅಲ್ಯೂಮಿನಿಯಂ ಹಾಳೆಯ ತೆಳುಪಟ್ಟಿಯೊಂದನ್ನು ಸುತ್ತಿದರೆ ಆ ಭಯವಿಲ್ಲ.