ಕಾಲ್ನಡಿಗೆಯಲ್ಲಿ ಒಂದು ರಾಜಧಾನಿ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನ ಹಳೆಯ ಪೇಟೆಯನ್ನು ಪ್ರವಾಸಿಗಳು ನಡೆದೇ ನೋಡುವರು. ಅರಮನೆ, ಇಗರ್ಜಿ, ಅಂಗಡಿಬೀದಿಗಳು ಅಲ್ಲಿ ಒಂದಕ್ಕೊಂದು ಸಮೀಪವಾಗಿವೆ. ನಮ್ಮ ಜಮಖಂಡಿಯೂ 1811 ರಿಂದ 1948 ರ ವರೆಗೆ ಪಟವರ್ಧನ ಮನೆತನದ ಅರಸರಿಗೆ ರಾಜಧಾನಿಯಾಗಿದ್ದ ಊರು. ಒಂದು ದಿನದ ಕಾಲ್ನಡಿಗೆಗೆ ಇದೂ ತಕ್ಕುದೇ.

ಆದರೆ ಅರಮನೆಯಿಂದ ಆರಂಭಿಸಬಾರದು. ಬೆಳಗಿನ ತಂಪಿನಲ್ಲಿ ಮೊದಲು ಪರಶುರಾಮಭಾವು ಪ್ರೌಢಶಾಲೆಗೆ ಹೋಗಿರಿ. 1886 ರಲ್ಲಿ ಈ ಊರಿನಲ್ಲಿಯೇ ಜನಿಸಿದ ತತ್ತ್ವಜ್ಞಾನಿ ರಾ. ದ. ರಾನಡೆಯವರು ಓದಿದ ಶಾಲೆಯದು. ಬಳಿಕ ಪೇಟೆಯ ಬೀದಿಗಳಲ್ಲಿ ಸಂಚರಿಸಿರಿ. ಈ ಬೀದಿಗಳನ್ನು ನೋಡಿಕೊಳ್ಳುತ್ತಿದ್ದ ಪುರಸಭೆಗೆ ಅಧ್ಯಕ್ಷರಾಗಿದ್ದ ಸಾವಳಗಿಯ ಬಿ. ಡಿ. ಜತ್ತಿಯವರು ಮುಂದೆ ಸಂಸ್ಥಾನದ ಮಂತ್ರಿಗಳಾದರು. 1977 ರಲ್ಲಿ ಭಾರತದ ಹಂಗಾಮಿ ರಾಷ್ಟ್ರಪತಿಗಳೂ ಆದರು.

ಬಿಸಿಲಿಳಿದ ಮೇಲೆ ರಾಮತೀರ್ಥದ ಗುಡ್ಡವನ್ನೇರಿರಿ. ಅರಸರ ಅರಮನೆಯೂ ಶಿವಾಲಯವೂ ಅಲ್ಲಿವೆ. ಅರಮನೆಯನ್ನೇ ಮೊದಲು ಕಂಡವರಿಗೆ ಅರಸರ ವೈಭವವೊಂದೇ ಕಣ್ಣಿಗೆ ಬೀಳುವುದು. ಶಾಲೆಯನ್ನೂ ಪೇಟೆಯನ್ನೂ ಕಂಡು ಮೇಲೇರಿದವರಿಗಾದರೋ, 1948 ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾದ ಮೇಲೂ ಊರಿಗೆ ಉಳಿದ ಸಂಪತ್ತು ಯಾವುದೆಂಬುದು ತಾನಾಗಿಯೇ ತಿಳಿಯುವುದು.