ಕುಸನೂರಿನ ಜನ ಸಸಿ ಕಿತ್ತದ್ದೇಕೆ?

ಪ್ರಶ್ನೆ: 1987ರಲ್ಲಿ ನಮ್ಮ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರಂತೆ. ಗಿಡ ನೆಟ್ಟರೆ ಒಳ್ಳೆಯದೇ ಅಲ್ಲವೇ? (ಬ್ಯಾಡಗಿಯ ಓದುಗರು)

ಗಿಡ ಯಾವುದು, ಅದರ ಕಟ್ಟಿಗೆ ಯಾರಿಗೆ ಎಂಬುದನ್ನೂ ಕೇಳಬೇಕು. ಸಸಿ ನೆಟ್ಟಿದ್ದ ಜಮೀನು ದಾಖಲೆಯಲ್ಲಿ ಸರಕಾರದ್ದಾದರೂ ಅಲ್ಲಿ ಊರಿನ ದನಕರು ಮೇಯುತ್ತಿದ್ದವು, ಬಡವರಿಗೆ ಉರುವಲು ಸಿಗುತ್ತಿತ್ತು. 1984ರಲ್ಲಿ ರಾಜ್ಯ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಕಟ್ಟಿದವು. ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಇಂಥ ಜಮೀನು 40 ವರ್ಷಗಳ ಗುತ್ತಿಗೆಗೆ ಅದರ ಪಾಲಾಯಿತು.

ಕಂಪನಿ ಅಲ್ಲಿ ನೆಟ್ಟದ್ದು ನೀಲಗಿರಿ. ಅದು ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾಗಿದ್ದ ಮರದ ತಿರುಳಿಗೆ ಹೇಳಿಮಾಡಿಸಿದ ಮರ. ಆದರೆ ಅದರ ಎಲೆಯನ್ನು ದನ ಮುಟ್ಟುವುದಿಲ್ಲ. ಊರವರೆಲ್ಲ ಸೇದುವ ಬಾವಿಗೆ ಒಬ್ಬರ ಪಂಪು ಕೂರಿಸಿದಂತಾಯಿತು: ನೀರು ಅದೇ, ಕೊಡ ಹೊತ್ತು ಬಂದವರಿಗೆ ಮಾತ್ರ ದಾರಿಯಿಲ್ಲ. ಕಾಗದದ ಮೇಲಿನ ಈ ನಿರ್ಧಾರದಲ್ಲಿ ಕುರಿಗಾಹಿಯ ಮಾತಿಗೆ ಜಾಗವಿರಲಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ ಅದೇ.

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಗುತ್ತಿಗೆಯನ್ನು ಪ್ರಶ್ನಿಸಿತು. ಸಾಹಿತಿ ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ (ಆಗ ಧಾರವಾಡ ಜಿಲ್ಲೆ) 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ಕಿತ್ತದ್ದು ಸುಮಾರು ನೂರು ಸಸಿ. ಬರೀ ಕಿತ್ತು ಹೋಗಲಿಲ್ಲ, ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. 1991ರಲ್ಲಿ ಸರಕಾರ ಆ ಕಂಪನಿಯನ್ನೇ ಮುಚ್ಚಿತು.